ಆಪತ್ತಿನ ಮೊದಲ ಗಳಿಗೆ ನಮ್ಮದು

(ಕೊಳ್ಳೇಗಾಲದಲ್ಲಿ ನೇಯ್ಗೆಯವರು, ಮಿಲ್ ಕೆಲಸಗಾರರು ಮತ್ತು ಚಿಲ್ಲರೆ ವರ್ತಕರು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಆಪತ್ತಿನ ಕಾಲಕ್ಕೆ ಒದಗುವ ಸೇವಾದಳವನ್ನು ಪ್ರತಿ ಊರಿನಲ್ಲಿಯೂ ಕಟ್ಟುವ ವಿಚಾರವಾಗಿ ಎರಡು ಮಾತು ಹೇಳಬೇಕೆಂದು ಕಾರ್ಯಕರ್ತರು ನನಗೆ ಅಪ್ಪಣೆ ಮಾಡಿದ್ದಾರೆ. ವಿಷಯದ ಹೆಸರು ಕೇಳಿದೊಡನೆ, ಇದು ಶಾಲೆಯ ಸ್ಕೌಟು ಹುಡುಗರ ಕೆಲಸ, ದುಡಿದು ತಿನ್ನುವ ನಮಗೇಕೆ ಎಂದು ಕೆಲವರಿಗೆ ತೋರಬಹುದು. ಸರ್ಕಾರವಿದೆ, ಪೋಲೀಸರಿದ್ದಾರೆ, ಬೆಂಕಿ ಆರಿಸುವ ಗಾಡಿಯಿದೆ, ನಾವೇಕೆ ತಲೆ ಹಾಕಬೇಕು ಎಂದು ಇನ್ನು ಕೆಲವರು ಕೇಳಬಹುದು. ಈ ಎರಡು ಪ್ರಶ್ನೆಗಳಿಗೂ ಉತ್ತರ ಪುಸ್ತಕದಲ್ಲಿಲ್ಲ. ನಮ್ಮ ಹನೂರು ಸೀಮೆಯ ಸುಳ್ವಾಡಿಯಲ್ಲಿಯೇ ಇದೆ. ಆದುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

2018ನೇ ಇಸವಿ ಡಿಸೆಂಬರ್ 14. ಶುಕ್ರವಾರ. ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರದ ಕೆಲಸಕ್ಕೆ ಪೂಜೆಯಾಯಿತು. ಬಂದವರಿಗೆ ಅನ್ನದ ಪ್ರಸಾದ ಹಂಚಿದರು. ಉಂಡವರು ಯಾರು? ಬಿದರಹಳ್ಳಿಯವರು, ಎಂ.ಜಿ. ದೊಡ್ಡಿಯವರು, ಸುತ್ತಲಿನ ದೊಡ್ಡಿಗಳವರು. ಕೂಲಿಯವರು, ಓಂಶಕ್ತಿಗೆ ಮಾಲೆ ಹಾಕಿದ್ದ ಬಡವರು, ತಾಯಂದಿರ ಕೈಹಿಡಿದು ಬಂದ ಮಕ್ಕಳು. ಆ ಅನ್ನದಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕ ಬೆರೆತಿತ್ತು. ಉಂಡ ಸ್ವಲ್ಪ ಹೊತ್ತಿಗೇ ವಾಂತಿ, ಬಾಯಲ್ಲಿ ನೊರೆ, ಉಸಿರು ಕಟ್ಟುವುದು. ಎಸೆದ ಅನ್ನ ತಿಂದ ಕಾಗೆಗಳು ಕೂಡ ಅಲ್ಲಲ್ಲೇ ಬಿದ್ದುವು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. 17 ಮಂದಿ ಸತ್ತರು. ವಿಷ ಬೆರೆಸಿದವರ ವಿಚಾರ ನ್ಯಾಯಾಲಯಕ್ಕೆ ಸೇರಿದ್ದು. ಅದನ್ನು ನಾನು ಇಲ್ಲಿ ಎತ್ತುವುದಿಲ್ಲ. ನಾನು ಕೇಳುವುದು ಬೇರೆ. ಅನ್ನ ಉಂಡ ಗಳಿಗೆಗೂ ವೈದ್ಯರ ಕೈ ಸೇರಿದ ಗಳಿಗೆಗೂ ನಡುವೆ ಏನಾಯಿತು?

ಸುಳ್ವಾಡಿಯ ನಕ್ಷೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಕೊಳ್ಳೇಗಾಲದಿಂದ ಹನೂರು, ಹನೂರಿನಿಂದ ರಾಮಾಪುರ, ಮಾರ್ಟಳ್ಳಿ, ಅದರಾಚೆ ಸುಳ್ವಾಡಿ. ಮುಂದೆ ತಮಿಳುನಾಡಿನ ಗಡಿ. ನೂರು ಮಂದಿ ಒಟ್ಟಿಗೆ ನೆಲಕ್ಕೆ ಬಿದ್ದರೆ ನೂರು ಆಂಬುಲೆನ್ಸು ಎಲ್ಲಿಂದ ಬರಬೇಕು? ಸಿಕ್ಕ ಗಾಡಿಗಳಲ್ಲಿ ಜನರೇ ಜನರನ್ನು ಹೊತ್ತರು. ಕಾಮಗೆರೆಯ ಆಸ್ಪತ್ರೆಗೆ, ಕೊಳ್ಳೇಗಾಲಕ್ಕೆ, ಅಲ್ಲಿಂದ ಮೈಸೂರಿಗೆ. ಉಸಿರಾಟದ ಯಂತ್ರವಿರುವ ಹಾಸಿಗೆ ಬೇಕೆಂದರೆ ಸುಳ್ವಾಡಿಯವನು ನೂರು ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ಕ್ರಮಿಸಬೇಕಾಗಿತ್ತು. ಆ ಹೊತ್ತಿನಲ್ಲಿ ಒದಗಿದವರು ಯಾರು? ಪಕ್ಕದ ಹಟ್ಟಿಯವನು, ಗೂಡ್ಸ್ ಆಟೋ ಓಡಿಸುವ ಹುಡುಗ, ಅಂಗಡಿಯವನು. ಯಾವ ಅಧಿಕಾರಿಯೂ ಅವರನ್ನು ನೇಮಿಸಿರಲಿಲ್ಲ. ಅವರ ಬಳಿ ಇದ್ದದ್ದು ಮನುಷ್ಯತ್ವವೊಂದೇ. ಮನುಷ್ಯತ್ವದ ಜೊತೆಗೆ ತಿಳಿವಳಿಕೆಯೂ ಇದ್ದಿದ್ದರೆ, ಒಂದೆರಡು ಜೀವವಾದರೂ ಉಳಿಯುತ್ತಿದ್ದುವೇನೋ ಎಂಬ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ತಿಳಿವಳಿಕೆ ಎಂದರೆ ದೊಡ್ಡ ವಿದ್ಯೆಯಲ್ಲ. ವಿಷವುಂಡವನಿಗೆ ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು ನಮ್ಮ ಹಳ್ಳಿಗಳ ರೂಢಿ. ಕೀಟನಾಶಕದ ವಿಷಯದಲ್ಲಿ ಇದು ತಪ್ಪು. ಎಚ್ಚರ ತಪ್ಪುತ್ತಿರುವವನಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ಬೇಗ ಕೊಲ್ಲುತ್ತದೆ. ಅವನನ್ನು ಪಕ್ಕಕ್ಕೆ ಮಲಗಿಸಬೇಕು, ಬಾಯಿಯ ನೊರೆ ಒರೆಸಬೇಕು, ವಿಷ ತಾಗಿದ ಬಟ್ಟೆ ತೆಗೆದು ಮೈ ತೊಳೆಯಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಉಂಡ ಪದಾರ್ಥವನ್ನೋ ಔಷಧದ ಡಬ್ಬಿಯನ್ನೋ ರೋಗಿಯ ಜೊತೆಗೇ ಆಸ್ಪತ್ರೆಗೆ ಒಯ್ಯಬೇಕು. ಸುಳ್ವಾಡಿಯ ಅನ್ನದಲ್ಲಿದ್ದದ್ದು ಮೋನೋಕ್ರೋಟೋಫಾಸ್ ಎಂಬ ಜಾತಿಯ ಕೀಟನಾಶಕ. ಈ ಜಾತಿಯ ವಿಷಕ್ಕೆ ಅಟ್ರೋಪಿನ್ ಎಂಬ ಚುಚ್ಚುಮದ್ದು ಇದೆ. ವಿಷ ಯಾವುದೆಂದು ಬೇಗ ತಿಳಿದಷ್ಟೂ ವೈದ್ಯರ ಕೈ ಬೇಗ ಓಡುತ್ತದೆ. ಇಷ್ಟನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಯಾರೂ ನಮಗೆ ಕಲಿಸಲಿಲ್ಲ, ನಾವೂ ಕೇಳಲಿಲ್ಲ.

ಅಂಚಿನವರ ಪಾಡು

ಬಂಧುಗಳೇ, ನಮ್ಮ ಸೀಮೆ ಎಂದಿನಿಂದಲೂ ಅಂಚಿನ ಸೀಮೆ. 1956ಕ್ಕೆ ಮೊದಲು ಕೊಳ್ಳೇಗಾಲ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯ ಅಂಚಿನಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಾಗಿ ಮೈಸೂರು ಜಿಲ್ಲೆಗೆ ಬಂದೆವು. ಅಲ್ಲಿಯೂ ಅಂಚಿನಲ್ಲಿಯೇ ಉಳಿದೆವು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಆಮೇಲೆ ಹನೂರು ಬೇರೆ ತಾಲ್ಲೂಕಾಯಿತು. ಬೋರ್ಡು ಬದಲಾದುವು, ದಾರಿಯ ದೂರ ಕಡಿಮೆಯಾಗಲಿಲ್ಲ.

ಜಿಲ್ಲಾ ಕೇಂದ್ರದ ಪಾಡಾದರೂ ಏನು? 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಹೋಯಿತು. ಸಿಲಿಂಡರು ಬರಬೇಕಾದದ್ದು ಮೈಸೂರಿನಿಂದ. ಬೆಳಗಾಗುವುದರೊಳಗೆ 24 ಮಂದಿ ತೀರಿಕೊಂಡಿದ್ದರು. ಆಮ್ಲಜನಕವಿಲ್ಲದೆ ಸತ್ತವರು ಮೂವರೇ ಎಂದು ಸರ್ಕಾರದ ಕಡೆಯಿಂದ ಮೊದಲು ಹೇಳಿಕೆ ಬಂತು. ಉಚ್ಚ ನ್ಯಾಯಾಲಯದ ಮೂಲಕ ನೇಮಕವಾದ ನಿವೃತ್ತ ನ್ಯಾಯಮೂರ್ತಿಗಳ ಸಮಿತಿ ವಿಚಾರಿಸಿದ ಮೇಲೆ ಸತ್ಯ ಬಯಲಾಯಿತು. ಸತ್ತವರ ಲೆಕ್ಕವನ್ನು ಸರಿಯಾಗಿ ಬರೆಸುವುದಕ್ಕೂ ಬಡವ ನ್ಯಾಯಾಲಯದ ಬಾಗಿಲಿಗೇ ಹೋಗಬೇಕಾಯಿತು.

ಇನ್ನು ಕಾಡಿನ ಒಳಗಿನ ಊರುಗಳು. ಮಲೆಮಹದೇಶ್ವರ ಬೆಟ್ಟದ ಸುತ್ತಣ ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ದೊಡ್ಡಾಣೆ, ಪಡಸಲನತ್ತಗಳಂಥ ಊರುಗಳಲ್ಲಿ ಬಸುರಿ ಹೆಂಗಸಿಗೆ ನೋವು ಬಂದರೆ ಡೋಲಿ ಕಟ್ಟಿ ಹೊತ್ತು ತಂದ ದಿನಗಳನ್ನು ನಾವು ನೋಡಿದ್ದೇವೆ. ಹೊರುವ ನಾಲ್ಕು ಹೆಗಲೇ ಅಲ್ಲಿನ ಆಂಬುಲೆನ್ಸು. ಯೋಚಿಸಿ ನೋಡಿ, ಆ ಸೋಲಿಗರೂ ಬೇಡಗಂಪಣರೂ ನಮಗಿಂತ ಮೊದಲೇ ಸೇವಾದಳ ಕಟ್ಟಿಕೊಂಡಿದ್ದಾರೆ. ಅದಕ್ಕೆ ಹೆಸರಿಲ್ಲ, ಸಮವಸ್ತ್ರವಿಲ್ಲ, ಅಷ್ಟೇ.

ಹೊಳೆಯ ಕಡೆಗೆ ಬನ್ನಿ. ಕೃಷ್ಣರಾಜಸಾಗರದ ನೀರೂ ಕಬಿನಿಯ ನೀರೂ ತಿರುಮಕೂಡಲು ನರಸೀಪುರದಲ್ಲಿ ಕೂಡಿ ನಮ್ಮ ಕಡೆಗೆ ಬರುತ್ತವೆ. ಎರಡು ಅಣೆಕಟ್ಟೆಗಳೂ ಒಟ್ಟಿಗೆ ತುಂಬಿದ ವರ್ಷ ದಾಸನಪುರ, ಮುಳ್ಳೂರು, ಹಳೇ ಅಣಗಳ್ಳಿ, ಹಳೇ ಹಂಪಾಪುರ, ಯಡಕುರಿಯಗಳಿಗೆ ನಿದ್ದೆಯಿಲ್ಲ. 2018ರಲ್ಲಿ, 2019ರಲ್ಲಿ, 2024ರಲ್ಲಿ ಇದೇ ಕಥೆ. 2018ರ ಪ್ರವಾಹದಲ್ಲಿ ಶಿವನಸಮುದ್ರದ ಹಳೆಯ ವೆಸ್ಲಿ ಸೇತುವೆಯ ಒಂದು ಭಾಗವೇ ಕೊಚ್ಚಿಹೋಯಿತು. ಯಳಂದೂರಿನ ಕಡೆ ಸುವರ್ಣಾವತಿ ಚಿಕ್ಕ ಹೊಳೆ ಎಂದುಕೊಂಡಿದ್ದವರಿಗೆ 2022ರ ಮಳೆಗಾಲ ಬುದ್ಧಿ ಕಲಿಸಿತು.

"ಇಷ್ಟು ಸಾವಿರ ಕ್ಯುಸೆಕ್ ಬಿಟ್ಟಿದ್ದಾರೆ" ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಕ್ಯುಸೆಕ್ ಎಂದರೇನು? ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರು. ಎರಡು ಬಿಂದಿಗೆ ನೀರೆಂದು ಇಟ್ಟುಕೊಳ್ಳಿ. ಒಂದು ಲಕ್ಷ ಕ್ಯುಸೆಕ್ ಎಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಲಕ್ಷ ಬಿಂದಿಗೆ ನಮ್ಮ ಹೊಸ್ತಿಲ ಮುಂದೆ ಹರಿದುಹೋಗುತ್ತದೆ. ಆದರೆ ಹೊಳೆಗೆ ಒಂದು ಗುಣವಿದೆ. ಭೂಕಂಪದಂತೆ ಅದು ಹೇಳದೆ ಕೇಳದೆ ಬರುವುದಿಲ್ಲ. ಮೇಲೆ ತೂಬು ತೆರೆದ ನೀರು ನಮ್ಮ ಊರಿಗೆ ಇಳಿಯಲು ಗಂಟೆಗಟ್ಟಲೆ ಹೊತ್ತು ಬೇಕು. ಆ ಹೊತ್ತೇ ನಮ್ಮ ಬಂಡವಾಳ. ಹಿಡಿದರೆ ಮುದುಕರು, ಮಕ್ಕಳು, ದನಕರು, ಕಾಗದಪತ್ರ, ಬೀಜದ ಮೂಟೆ ಎಲ್ಲವೂ ದಡ ಸೇರುತ್ತವೆ. ಬಿಟ್ಟರೆ ನಡುರಾತ್ರಿ ಮಾಡಿನ ಮೇಲೆ ಹತ್ತಿ ಕುಳಿತು ದೋಣಿಗಾಗಿ ಕೂಗಬೇಕಾಗುತ್ತದೆ.

ಪೇಟೆಯೊಳಗಿನ ಬೆಂಕಿ

ಹೊಳೆಯೂ ಕಾಡೂ ಹಳ್ಳಿಯವರ ಕಷ್ಟ, ಪೇಟೆಯವರಿಗೇನು ಎಂದು ವರ್ತಕ ಮಿತ್ರರು ಅಂದುಕೊಳ್ಳಬಾರದು. ದೇವಾಂಗಪೇಟೆಯ ಗಲ್ಲಿಗಳಲ್ಲಿ ಒಮ್ಮೆ ನಡೆದು ನೋಡಿ. ಗೋಡೆಗೆ ಗೋಡೆ ಅಂಟಿದ ಮನೆಗಳು. ಕೆಳಗೆ ಮಗ್ಗ, ಅಟ್ಟದ ಮೇಲೆ ನೂಲಿನ ಕಟ್ಟು, ಪಕ್ಕದಲ್ಲೇ ಅಡಿಗೆಯ ಸಿಲಿಂಡರು. ಒಂದೇ ತಂತಿಯಿಂದ ಮೂರು ಯಂತ್ರ ಓಡಿಸುವುದು ನಮ್ಮಲ್ಲಿ ಮಾಮೂಲು. ರೇಷ್ಮೆ ತಾನಾಗಿ ಭಗ್ಗನೆ ಹೊತ್ತಿಕೊಳ್ಳುವ ವಸ್ತುವಲ್ಲ ನಿಜ. ಆದರೆ ಅದರ ಸುತ್ತ ಇರುವ ಹತ್ತಿನೂಲು, ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಚೀಲ, ಎಣ್ಣೆಬಟ್ಟೆ ಹೊತ್ತಿಕೊಳ್ಳುತ್ತವೆ. ಬೆಂಕಿಯ ಗಾಡಿ ದೊಡ್ಡ ರಸ್ತೆಯವರೆಗೆ ಬಂದೀತು, ಗಲ್ಲಿಯೊಳಕ್ಕೆ ತಿರುಗಲಾರದು. ಅಲ್ಲಿಂದಾಚೆಗೆ ಮರಳಿನ ಬಕೆಟ್ಟು ಎಲ್ಲಿದೆ, ಮೇನ್ ಸ್ವಿಚ್ಚು ಎಲ್ಲಿದೆ, ಒಳಗೆ ಮಲಗಿರುವ ಅಜ್ಜಿ ಯಾವ ಕೋಣೆಯಲ್ಲಿದ್ದಾಳೆ ಎಂಬುದನ್ನು ಬಲ್ಲವನು ಪಕ್ಕದ ಮನೆಯವನು ಮಾತ್ರ.

ಸಾಲ ಮಾಡಿ ಸರಕು ತುಂಬಿದ ಸಣ್ಣ ವರ್ತಕನಿಗೆ ಒಂದು ರಾತ್ರಿಯ ಬೆಂಕಿ ಎಂದರೆ ಹತ್ತು ವರ್ಷದ ಜೀತ. ದೊಡ್ಡ ಸಾಹುಕಾರನಿಗೆ ವಿಮೆಯಿದೆ, ಇನ್ನೊಂದು ಊರಿನಲ್ಲಿ ಇನ್ನೊಂದು ಗೋದಾಮಿದೆ. ಆಪತ್ತು ಎಲ್ಲರಿಗೂ ಸಮ ಎಂಬ ಮಾತನ್ನು ನಂಬಬೇಡಿ. ಒಂದೇ ನೀರು, ಒಂದೇ ಬೆಂಕಿ. ಆದರೆ ಮುಳುಗುವುದು ತಗ್ಗಿನ ಮನೆ, ಸುಡುವುದು ಇಕ್ಕಟ್ಟಿನ ಮನೆ. ತಗ್ಗಿನಲ್ಲಿ ಯಾರಿದ್ದಾರೆ, ಇಕ್ಕಟ್ಟಿನಲ್ಲಿ ಯಾರಿದ್ದಾರೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಹೊರಗಿನ ಲೋಕ ಕಲಿಸಿದ ಪಾಠ

ಈ ವಿಷಯದಲ್ಲಿ ಹೊರಗಿನ ಲೋಕದಿಂದಲೂ ನಾವು ಕಲಿಯಬೇಕಾದದ್ದಿದೆ. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ನಗರದಲ್ಲಿ ಭಾರಿ ಭೂಕಂಪವಾಯಿತು. ಸರ್ಕಾರ ಕಣ್ಣುಬಿಡುವ ಮೊದಲೇ ಸಾಮಾನ್ಯ ಜನ ಕೈಗೆ ಸಿಕ್ಕ ಗುದ್ದಲಿ ಹಿಡಿದು ಇಳಿದರು. ಕಲ್ಲಿನ ರಾಶಿಯ ಅಡಿಯಿಂದ ಎಂಟು ನೂರು ಮಂದಿಯನ್ನು ಬದುಕಿಸಿದರು. ಆದರೆ ಹಾಗೆ ಇಳಿದವರಲ್ಲಿ ನೂರು ಮಂದಿ ತಾವೇ ಸತ್ತರು. ಏಕೆ? ಧೈರ್ಯವಿತ್ತು, ತರಬೇತಿಯಿರಲಿಲ್ಲ. ಅದನ್ನು ನೋಡಿಯೇ ಅಮೆರಿಕದ ಲಾಸ್ ಏಂಜಲೀಸ್ ನಗರದ ಅಗ್ನಿಶಾಮಕ ಇಲಾಖೆ, ಬೀದಿಬೀದಿಯ ಜನರಿಗೆ ತರಬೇತಿ ಕೊಟ್ಟು ಆಪತ್ಕಾಲದ ತಂಡಗಳನ್ನು ಕಟ್ಟುವ ಪದ್ಧತಿಯನ್ನು ಅದೇ ವರ್ಷ ಆರಂಭಿಸಿತು.

ಅದೇ ಮೆಕ್ಸಿಕೋದ ಇನ್ನೊಂದು ಸಂಗತಿ ಮಿಲ್ ಕೆಲಸಗಾರರಾದ ನೀವು ತಿಳಿಯಲೇಬೇಕಾದದ್ದು. ಆ ದಿನ ಬಟ್ಟೆ ಹೊಲಿಯುವ ಕಾರ್ಖಾನೆಗಳು ಕುಸಿದು ನೂರಾರು ಹೆಣ್ಣಾಳುಗಳು ಅಡಿಗೆ ಸಿಕ್ಕಿದರು. ಕೆಲವು ಯಜಮಾನರು ಜೀವಗಳಿಗಿಂತ ಮೊದಲು ಹೊಲಿಗೆಯ ಯಂತ್ರಗಳನ್ನೂ ತಿಜೋರಿಗಳನ್ನೂ ಹೊರತೆಗೆಸಿದರೆಂದು ಬದುಕುಳಿದ ಹೆಂಗಸರು ಬೀದಿಗಿಳಿದು ಕೂಗಿ ಹೇಳಿದರು. ಅವರ ಆ ಕೋಪದಿಂದ "ಸೆಪ್ಟೆಂಬರ್ 19" ಎಂಬ ಹೆಸರಿನಲ್ಲಿಯೇ ಒಂದು ಕಾರ್ಮಿಕ ಸಂಘ ಹುಟ್ಟಿತು. ಸಂಘವಿಲ್ಲದ ಕಾರ್ಖಾನೆಯಲ್ಲಿ ಯಾವುದನ್ನು ಮೊದಲು ಉಳಿಸಬೇಕೆಂಬುದನ್ನು ಯಜಮಾನ ಒಬ್ಬನೇ ನಿರ್ಧರಿಸುತ್ತಾನೆ. ಇದನ್ನು ಮರೆಯಬೇಡಿ.

ನಮ್ಮ ನೆರೆಯ ಬಾಂಗ್ಲಾದೇಶವನ್ನು ನೋಡಿ. 1970ರ ಚಂಡಮಾರುತದಲ್ಲಿ ಅಲ್ಲಿ ಮೂರು ಲಕ್ಷಕ್ಕೂ ಮಿಗಿಲಾಗಿ ಜನ ಸತ್ತರು. ಅನಂತರ ಆ ಬಡ ದೇಶ ಕರಾವಳಿಯ ಹಳ್ಳಿಹಳ್ಳಿಯಲ್ಲಿ ಸ್ವಯಂಸೇವಕರ ಪಡೆ ಕಟ್ಟಿತು. ಅವರ ಆಯುಧ ಏನು? ಬಾವುಟ, ಸೈರನ್, ಧ್ವನಿವರ್ಧಕ, ಸೈಕಲ್ಲು. ಇಂದು ಆ ಪಡೆಯಲ್ಲಿ 70 ಸಾವಿರಕ್ಕೂ ಹೆಚ್ಚು ಮಂದಿಯಿದ್ದಾರೆ. ಅವರಲ್ಲಿ ಸುಮಾರು ಅರ್ಧ ಹೆಂಗಸರು. 2020ರ ಅಂಫಾನ್ ಚಂಡಮಾರುತದಲ್ಲಿ ಅಲ್ಲಿ ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ನಮ್ಮ ಒಡಿಶಾದಲ್ಲಿಯೂ 1999ರ ಚಂಡಮಾರುತ ಸುಮಾರು ಹತ್ತು ಸಾವಿರ ಜೀವ ತೆಗೆದುಕೊಂಡಿತು. 2013ರ ಫೈಲಿನ್ ಚಂಡಮಾರುತದಲ್ಲಿ ಸತ್ತವರು ನೂರರ ಒಳಗೆ. ಗಾಳಿ ಮೆತ್ತಗಾಗಲಿಲ್ಲ. ಜನ ತಯಾರಾಗಿದ್ದರು. 2018ರ ಆಗಸ್ಟಿನಲ್ಲಿ ಕೇರಳ ಮುಳುಗಿದಾಗ ಅಲ್ಲಿನ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳಿಗೇರಿಸಿ ತಂದು ಸಾವಿರಾರು ಮಂದಿಯನ್ನು ದಡ ಸೇರಿಸಿದ್ದನ್ನು ನೀವೆಲ್ಲರೂ ಕೇಳಿದ್ದೀರಿ.

ದಳ ಕಟ್ಟುವುದು ಹೇಗೆ?

ಈಗ ಕೆಲಸದ ಮಾತಿಗೆ ಬರೋಣ. ಬೀದಿಗೆ ಹತ್ತು ಜನ ಸಾಕು. ಐವರು ಗಂಡಸರು, ಐವರು ಹೆಂಗಸರು ಇರಲಿ. ಹೆಂಗಸರೇಕೆ ಎಂದರೆ, ಹಗಲು ಹೊತ್ತಿನಲ್ಲಿ ಆಪತ್ತು ಬಂದರೆ ಮನೆಯಲ್ಲಿರುವವರು ಅವರೇ; ಯಾವ ಮನೆಯಲ್ಲಿ ಬಾಣಂತಿಯಿದ್ದಾಳೆ, ಯಾರಿಗೆ ಕಣ್ಣು ಕಾಣದು, ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದೆಲ್ಲ ಅವರ ಬಾಯಲ್ಲಿದೆ. ಮೊದಲ ಕೆಲಸ ಒಂದು ನೋಟುಪುಸ್ತಕ. ಅದರಲ್ಲಿ ಬೀದಿಯ ಅಶಕ್ತರ ಪಟ್ಟಿ, ಗಾಡಿಯಿರುವವರ ಪಟ್ಟಿ, ಈಜು ಬಲ್ಲವರ ಪಟ್ಟಿ, ಶಾಲೆಯ ಬೀಗದ ಕೈ ಯಾರಲ್ಲಿದೆ, ಹತ್ತಿರದ ಬಾವಿ ಎಲ್ಲಿದೆ ಎಂಬುದು ಬರೆದಿರಬೇಕು. 108, 112, 101, ಜಿಲ್ಲಾ ಸಹಾಯವಾಣಿಯ 1077 ಈ ನಾಲ್ಕು ಸಂಖ್ಯೆಗಳನ್ನು ಪ್ರತಿ ಅಂಗಡಿಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯಿಸಿ.

ಎರಡನೆಯದು ಸಾಮಾನು. ನೂರು ಅಡಿ ಹಗ್ಗ, ಎರಡು ಲಾರಿ ಟ್ಯೂಬು, ಟಾರ್ಚು, ಸೀಟಿ, ಗುದ್ದಲಿ, ಗಡಾರಿ, ಮರಳಿನ ಬಕೆಟ್ಟು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಎರಡು ಬಿದಿರಿನ ಗಳು ಮತ್ತು ಎರಡು ಗೋಣಿಚೀಲ ಇದ್ದರೆ ರೋಗಿಯನ್ನು ಹೊರುವ ಮಂಚ ತಯಾರು. ಇದನ್ನು ಒಬ್ಬ ವರ್ತಕನ ಅಂಗಡಿಯಲ್ಲಿ ಇಟ್ಟು, ಬೀಗದ ಕೈಯನ್ನು ಮೂರು ಮನೆಗಳಲ್ಲಿ ಇಡಿ. ಇವನ್ನು ಕೊಳ್ಳಲು ಯಾವ ದಾನಿಯ ಮುಂದೆಯೂ ಕೈಚಾಚಬೇಕಾಗಿಲ್ಲ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ.

ಮೂರನೆಯದು ಕಲಿಕೆ. ಹೊಳೆಗೆ ಬಿದ್ದವನನ್ನು ಕಂಡೊಡನೆ ಹಾರುವುದು ವೀರತನವಲ್ಲ. ಭರಚುಕ್ಕಿಯಂಥ ಸೆಳವಿನಲ್ಲಿ ಹಾಗೆ ಹಾರಿದವನು ಎರಡನೆಯ ಹೆಣವಾಗುತ್ತಾನೆ. ಕೋಲು ಚಾಚಬೇಕು, ಹಗ್ಗ ಎಸೆಯಬೇಕು, ಟ್ಯೂಬು ತೇಲಿಬಿಡಬೇಕು. ಸುಟ್ಟ ಗಾಯಕ್ಕೆ ಶಾಯಿಯೂ ಬೇಡ, ಟೂತ್‌ಪೇಸ್ಟೂ ಬೇಡ. 20 ನಿಮಿಷ ತಣ್ಣೀರು ಹರಿಸಿದರೆ ಸಾಕು. ಕರೆಂಟು ಹೊಡೆದವನನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ಚು ಆರಿಸಬೇಕು. ಉಸಿರು ನಿಂತವನ ಎದೆಯ ನಡುವೆ ಎರಡು ಕೈಯಿಟ್ಟು ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಬಲವಾಗಿ ಒತ್ತಬೇಕು. ಇದನ್ನು ಬಲ್ಲವರಿಂದ ಕೈಯಲ್ಲಿ ಮಾಡಿಯೇ ಕಲಿಯಬೇಕು. ಹಾವು ಕಚ್ಚಿದಲ್ಲಿ ಕುಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಮೂರೂ ತಪ್ಪು. ಕಚ್ಚಿದ ಅಂಗ ಅಲುಗದಂತೆ ನೋಡಿಕೊಂಡು, ನಡೆಸದೆ ಹೊತ್ತುಕೊಂಡು, ವಿಷದ ಮದ್ದಿರುವ ಆಸ್ಪತ್ರೆಗೆ ಒಯ್ಯಬೇಕು. ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕೆಂದು 2024ರಲ್ಲಿ ಕರ್ನಾಟಕದಲ್ಲಿ ಆಜ್ಞೆಯಾಗಿದೆ. ಹನೂರಿನ ಕಾಡಂಚಿನ ರೈತರಿಗೆ ಇದು ಸಣ್ಣ ಸಂಗತಿಯಲ್ಲ.

ಮೂರು ತಿಂಗಳಿಗೊಮ್ಮೆ, ವಾರದ ರಜೆಯ ದಿನ, ಒಂದು ಗಂಟೆ ಅಭ್ಯಾಸ ಮಾಡಿ. ಗುಡಿಯ ಗಂಟೆ, ಮಸೀದಿಯ ಮೈಕು, ಮಿಲ್ಲಿನ ಸೈರನ್ ಯಾವುದು ಎಷ್ಟು ಸಲ ಕೂಗಿದರೆ ಏನರ್ಥ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲವೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಗಾಯಾಳುವನ್ನು ಆಸ್ಪತ್ರೆಗೆ ಒಯ್ದರೆ ಪೋಲೀಸು ಠಾಣೆಗೆ ಅಲೆಯಬೇಕಾದೀತೆಂದು ಅನೇಕರಿಗೆ ಭಯವಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆ, ಅಪಘಾತದಲ್ಲಿ ಸದುದ್ದೇಶದಿಂದ ನೆರವಾದವನನ್ನು ಕಾಡಬಾರದೆಂದು ರಕ್ಷಣೆ ಕೊಟ್ಟಿದೆ. ಧೈರ್ಯವಾಗಿ ಕೈಹಚ್ಚಿ.

ಜಾತಿಯ ಮಾತೂ ಬರುತ್ತದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹೊಳೆಯಲ್ಲಿ ಹೆಣ ತೇಲಿದರೆ ಕರೆ ಹೋಗುವುದು ಯಾವ ಕೇರಿಗೆ? ತೆಪ್ಪ ಹಾಕಿ ಹೆಣ ಎತ್ತಿದವನಿಗೆ ದಡದಲ್ಲಿ ಒಂದು ಲೋಟ ನೀರು ಕೊಡಲು ಹಿಂದುಮುಂದು ನೋಡಿದ ಜನರಿಲ್ಲವೆ? ನಿರಾಶ್ರಿತರ ಶಿಬಿರದಲ್ಲಿ ಬೇರೆ ಪಂಕ್ತಿ ಬೇಕೆಂದವರಿಲ್ಲವೆ? ಸಿದ್ಧಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಪಂಕ್ತಿಸೇವೆಗೆ ಹದಿನೆಂಟು ಕುಲದವರೂ ಒಂದೇ ಬಯಲಿನಲ್ಲಿ ಕೂತು ಉಣ್ಣುತ್ತಾರೆ. ಆ ಮಂಟೇಸ್ವಾಮಿಯ ಮಣ್ಣಿನಲ್ಲಿ ಹುಟ್ಟಿದ ನಾವು, ಜಾತ್ರೆಯ ಆ ಒಂದು ದಿನದ ಬುದ್ಧಿಯನ್ನು ವರ್ಷವೆಲ್ಲ ಉಳಿಸಿಕೊಳ್ಳಲಾರೆವೆ? ನಮ್ಮ ದಳದಲ್ಲಿ ಹೊರುವವನೊಬ್ಬ, ಆಜ್ಞೆ ಮಾಡುವವನೊಬ್ಬ ಎಂಬ ಭೇದ ಇರಕೂಡದು. ಮುಖಂಡತನ ಸರದಿಯಲ್ಲಿ ಬರಲಿ.

ಸರ್ಕಾರಕ್ಕೆ ಬಿಡುಗಡೆಯಿಲ್ಲ

ಈಗ ಕಟ್ಟಕಡೆಯ ಪ್ರಶ್ನೆ. ನಾವೇ ಎಲ್ಲವನ್ನೂ ಮಾಡಿದರೆ ಸರ್ಕಾರ ಕೈತೊಳೆದುಕೊಳ್ಳುವುದಿಲ್ಲವೆ ಎಂದು ಒಬ್ಬ ನೇಯ್ಗೆಯ ಸಂಗಾತಿ ಸಭೆಗೆ ಮೊದಲು ನನ್ನನ್ನು ಕೇಳಿದರು. ಬಹಳ ಸರಿಯಾದ ಪ್ರಶ್ನೆ. ಸ್ವಯಂಸೇವೆ ಎಂಬ ಒಳ್ಳೆಯ ಮಾತಿನ ಹಿಂದೆ ಅಡಗಿಕೊಂಡು ಬಡವನ ಬೆನ್ನಿಗೇ ಎಲ್ಲ ಹೊರೆಯನ್ನೂ ಹೊರಿಸುವ ಜಾಣರು ಆಡಳಿತದಲ್ಲಿ ಎಂದೂ ಇದ್ದಾರೆ. ಡಾ. ರಾಮಮನೋಹರ ಲೋಹಿಯಾ ಅವರು ಸಮಾಜವಾದಿಗಳ ಮುಂದೆ ಗುದ್ದಲಿ, ಮತ, ಸೆರೆಮನೆ ಎಂಬ ಮೂರನ್ನು ಒಟ್ಟಿಗೆ ಇಟ್ಟರು. 1951ರಲ್ಲಿ ಕಾಗೋಡು ರೈತರ ಪರವಾಗಿ ಬಂದು ತಾವೇ ಸೆರೆಯಾದರು. ಗುದ್ದಲಿ ಮಾತ್ರ ಹಿಡಿದರೆ ನಾವು ಬಿಟ್ಟಿ ಆಳುಗಳಾಗುತ್ತೇವೆ. ಮತ ಮಾತ್ರ ಹಾಕಿದರೆ ಐದು ವರ್ಷಕ್ಕೊಂದು ದಿನದ ಯಜಮಾನರಾಗುತ್ತೇವೆ. ಆದುದರಿಂದ ಸೇವಾದಳ ಕಟ್ಟುವ ಕೈಯೇ ಹಕ್ಕೊತ್ತಾಯದ ಅರ್ಜಿಯನ್ನೂ ಹಿಡಿಯಬೇಕು.

ಕಾನೂನು ನಮ್ಮ ಕಡೆಗಿದೆ. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರ ಇರಬೇಕು. ಅದು ಯೋಜನೆ ಬರೆಯಬೇಕು, ಜನರಿಗೆ ತರಬೇತಿ ಕೊಡಿಸಬೇಕು, ಮುನ್ಸೂಚನೆ ಮುಟ್ಟಿಸಬೇಕು. ಪಂಚಾಯಿತಿ, ಪುರಸಭೆ, ನಗರಸಭೆಗಳು ತಮ್ಮ ನೌಕರರನ್ನು ತರಬೇತು ಮಾಡಿ ಸಲಕರಣೆಗಳನ್ನು ಸಿದ್ಧವಾಗಿಡಬೇಕು. ಕೇಂದ್ರ ಸರ್ಕಾರದ "ಆಪದ ಮಿತ್ರ" ಯೋಜನೆ 2016ರಲ್ಲಿ 30 ಜಿಲ್ಲೆಗಳಲ್ಲಿ ಪ್ರಯೋಗವಾಗಿ ಆರಂಭವಾಯಿತು. 2021ರಲ್ಲಿ ಅದನ್ನು 350 ಜಿಲ್ಲೆಗಳ ಒಂದು ಲಕ್ಷ ಸ್ವಯಂಸೇವಕರಿಗೆ ವಿಸ್ತರಿಸಿದರು. ಒಂದು ಲಕ್ಷ ಎಂದರೆ ಕಿವಿಗೆ ದೊಡ್ಡ ಲೆಕ್ಕ. 350ರಿಂದ ಭಾಗಿಸಿ ನೋಡಿ: ಜಿಲ್ಲೆಗೆ ಮುನ್ನೂರೂ ಆಗುವುದಿಲ್ಲ. ಅದು ಆರಂಭವಾದೀತೇ ಹೊರತು ಮುಕ್ತಾಯವಾಗಲಾರದು.

ಆದುದರಿಂದ ನಾವು ಕೇಳಬೇಕಾದದ್ದು ಇಷ್ಟು. ಹೊಳೆಯಂಚಿನ ಪ್ರತಿ ಪಂಚಾಯಿತಿಯಲ್ಲಿ ಮಳೆಗಾಲಕ್ಕೆ ಮೊದಲೇ ದೋಣಿಯೂ ತೇಲುವ ಕವಚಗಳೂ ಇರಬೇಕು. ನೀರು ಬಂದ ಮೇಲೆ ಬೇರೆ ಊರಿನಿಂದ ತರುವುದಲ್ಲ. ತೂಬು ತೆರೆದ ಸುದ್ದಿ ಕಚೇರಿಯ ಕಾಗದದಲ್ಲಿ ಉಳಿಯದೆ ತಮಟೆಯ ಮೂಲಕ ಕೇರಿಕೇರಿಗೆ ಮುಟ್ಟಬೇಕು. ರಾಮಾಪುರ, ಮಾರ್ಟಳ್ಳಿ, ಮಲೆಮಹದೇಶ್ವರ ಬೆಟ್ಟದ ಕಡೆ ಹಗಲೂ ರಾತ್ರಿಯೂ 108 ವಾಹನ ನಿಂತಿರಬೇಕು. ಅಲ್ಲಿನ ಆರೋಗ್ಯ ಕೇಂದ್ರಗಳಲ್ಲಿ ಅಟ್ರೋಪಿನ್ ಮತ್ತು ಹಾವಿನ ವಿಷದ ಮದ್ದು ಎಂದೂ ಮುಗಿದುಹೋಗಕೂಡದು. ಇದೆಯೋ ಇಲ್ಲವೋ ಎಂಬುದನ್ನು ತಿಂಗಳಿಗೊಮ್ಮೆ ಕೇಂದ್ರದ ಬಾಗಿಲಿಗೇ ಬರೆದು ಹಾಕಬೇಕು. ಕಾಡೊಳಗಿನ ಊರುಗಳಿಗೆ ಮಳೆಯಲ್ಲೂ ನಡೆಯುವಂಥ ದಾರಿ ಬೇಕು. ಮಿಲ್ಲುಗಳಲ್ಲಿಯೂ ಮಗ್ಗದ ಕಾರ್ಖಾನೆಗಳಲ್ಲಿಯೂ ಎರಡನೆಯ ಬಾಗಿಲು ಇರಬೇಕು, ಕೆಲಸದ ಹೊತ್ತಿನಲ್ಲಿ ಅದಕ್ಕೆ ಬೀಗ ಬೀಳಕೂಡದು. ದಳದವನು ಆಪತ್ತಿಗೆ ಹೋದ ದಿನದ ಕೂಲಿ ಕಡಿತವಾಗಬಾರದು. ಅವನಿಗೆ ವಿಮೆ ಬೇಕು. ಊರಿಗಾಗಿ ಪ್ರಾಣ ಕೊಟ್ಟವನ ಹೆಂಡತಿ ಮಕ್ಕಳು ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸುವಂತಾಗಬಾರದು.

ಇವುಗಳಲ್ಲಿ ಭಿಕ್ಷೆ ಯಾವುದೂ ಇಲ್ಲ. ಒಂದು ಬೆಂಕಿಪೊಟ್ಟಣ ಕೊಂಡಾಗಲೂ ಕೊಟ್ಟ ದುಡ್ಡಿನ ಲೆಕ್ಕ ಕೇಳುತ್ತಿದ್ದೇವೆ, ಅಷ್ಟೇ. ಮತ್ತೊಂದು ಮಾತು. ಸಂಘಟಿತ ಬೀದಿಯ ಅರ್ಜಿಗೂ ಒಂಟಿ ಮನುಷ್ಯನ ಅರ್ಜಿಗೂ ವ್ಯತ್ಯಾಸವಿದೆ. ನಮ್ಮ ನೋಟುಪುಸ್ತಕದಲ್ಲಿ ಲೆಕ್ಕವಿದ್ದರೆ, ದೋಣಿ ಎಷ್ಟು ಗಂಟೆಗೆ ಬಂತು, ಮದ್ದು ಎಷ್ಟು ದಿನ ಇರಲಿಲ್ಲ, ಸತ್ತವರು ಎಷ್ಟು ಎಂದು ಬರೆದಿಟ್ಟಿದ್ದರೆ, 24ನ್ನು 3 ಎನ್ನುವ ಧೈರ್ಯ ನಾಳೆ ಯಾರಿಗೂ ಬರುವುದಿಲ್ಲ. ಸೇವಾದಳ ಜೀವ ಉಳಿಸುತ್ತದೆ. ಅದರ ಜೊತೆಗೆ ಸತ್ಯವನ್ನೂ ಉಳಿಸುತ್ತದೆ.

ಸಂಗಾತಿಗಳೇ, ನಾನು ಬಹಳ ಹೊತ್ತು ಮಾತನಾಡಿದೆ. ಕೈತಟ್ಟಿ ಮನೆಗೆ ಹೋಗುವುದಕ್ಕಾಗಿ ಈ ಸಭೆ ಸೇರಿದ್ದಲ್ಲ. ಬಾಗಿಲ ಬಳಿ ಒಂದು ಮೇಜು, ಅದರ ಮೇಲೆ ಒಂದು ಖಾಲಿ ನೋಟುಪುಸ್ತಕವಿದೆ. ಬೀದಿಯ ಹೆಸರು, ನಿಮ್ಮ ಹೆಸರು, ನಿಮಗೆ ಬರುವ ಕೆಲಸ ಬರೆಯಿರಿ. ಈಜು ಬಂದರೆ ಈಜು, ಲಾರಿ ಓಡಿಸಲು ಬಂದರೆ ಅದು, ಏನೂ ಬಾರದಿದ್ದರೆ "ಹೊರುತ್ತೇನೆ" ಎಂದು ಬರೆಯಿರಿ. ಬರೆಯಲು ಬಾರದವರು ಹೇಳಿ, ನಾನು ಬರೆದುಕೊಳ್ಳುತ್ತೇನೆ. ಬರುವ ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಮೊದಲ ಅಭ್ಯಾಸ. ಹಗ್ಗ ನಾನು ತರುತ್ತೇನೆ.